ಕರೆಂಟ್ ಬಾರದ ಪ್ಲಗ್ ಪಾಯಿಂಟ್

ಸ್ವಿಚ್ ಹಾಕಿದರೂ ಸಾಕೆಟ್ಟಿಗೆ ಚುಚ್ಚಿದ ಉಪಕರಣ ಓಡದೆ ಇರುವುದು ಮನೆಬಳಕೆಯ ವಿದ್ಯುತ್ ದೋಷಗಳಲ್ಲಿ ತೀರಾ ಸಾಮಾನ್ಯವಾದದ್ದು. ಅದರ ಕಾರಣವನ್ನು ಕ್ರಮವಾಗಿ ಹುಡುಕುವ ವಿಧಾನ ಈ ಲೇಖನದ ವಿಷಯ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಮತ್ತು ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳನ್ನು, ಜಾತ್ರೆಯ ತಾತ್ಕಾಲಿಕ ವೈರಿಂಗನ್ನು, ಈಚೆಗೆ ಕರ್ನಾಟಕದ ರಸ್ತೆಗಳಿಗೆ ಬಂದಿರುವ ಕ್ಯಾರವಾನ್ ವಾಹನಗಳನ್ನು ಇಲ್ಲಿ ಮುಖ್ಯವಾಗಿ ಗಮನಿಸಲಾಗಿದೆ.

ಪಾಯಿಂಟ್ ಕೆಟ್ಟಿದೆ ಎಂದು ಅನ್ನಿಸಿದಾಗ ಜನ ಮೊದಲು ಸಾಕೆಟ್ ಬದಲಿಸುತ್ತಾರೆ. ಅನೇಕ ಸಲ ಹೊಸ ಸಾಕೆಟ್ಟೂ ಹಳೆಯದರಂತೆಯೇ ಸುಮ್ಮನಿರುತ್ತದೆ, ಏಕೆಂದರೆ ದೋಷ ಇರುವುದು ಅದರ ಹಿಂದಿನ ದಾರಿಯಲ್ಲಿ: ಇನ್ನೊಂದು ಕೋಣೆಯ ಬೋರ್ಡಿನ ಸಡಿಲ ತಿರುಪಿನಲ್ಲಿ, ಮೇನ್ ಸ್ವಿಚ್ಚಿನ ಫ್ಯೂಸಿನಲ್ಲಿ, ಕಂಬದ ಮೇಲಿನ ಜೋಡಣೆಯಲ್ಲಿ, ಇಲ್ಲವೆ ಊರ ಹೊರಗಿನ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ. ಉಪಕರಣ ಓಡದ ಪಾಯಿಂಟಿನಲ್ಲಿ ಕರೆಂಟ್ ಇರಲಾರದು ಎಂಬ ನಂಬಿಕೆಯೂ ತಪ್ಪು. ನ್ಯೂಟ್ರಲ್ ಕಡಿದ ಪಾಯಿಂಟಿನಲ್ಲಿ ಬಲ್ಬ್ ಉರಿಯುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. ಮುಟ್ಟಿದವರಿಗೆ ಮಾತ್ರ 230 ವೋಲ್ಟ್ ಪೂರ್ತಿಯಾಗಿ ಹೊಡೆಯುತ್ತದೆ. ಹುಡುಕಾಟದ ಎಲ್ಲ ಹಂತಗಳಿಗೂ ಈ ಒಂದು ತಿಳಿವಳಿಕೆಯೇ ಅಡಿಪಾಯ.

ಸೀಮೆಗೆ ಕರೆಂಟ್ ಬಂದದ್ದು

ಈ ಭಾಗ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಹರಿದರೂ ಆ ಬೆಳಕು ಮೈಸೂರು ಸಂಸ್ಥಾನದ ಗಡಿಯೊಳಗಿನದು. ತುಂಗಭದ್ರಾ ಅಣೆಕಟ್ಟು ಎದ್ದು, ಅಣೆಕಟ್ಟಿನ ಬುಡದಲ್ಲೂ ಹಂಪಿಯ ಬಳಿಯೂ ವಿದ್ಯುದಾಗಾರಗಳು ಬಂದಮೇಲೆ ಹೊಸಪೇಟೆ ಸುತ್ತಿನ ಚಿತ್ರ ಬದಲಾಯಿತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ, ಮುಂದೆ ಜನರ ಬಾಯಲ್ಲಿ ನೆಲೆನಿಂತ ‘ಕೆಇಬಿ’, ಸ್ಥಾಪನೆಯಾಯಿತು. 2002ರಿಂದ ತಂಬ್ರಹಳ್ಳಿಗೆ ವಿದ್ಯುತ್ ಹಂಚುತ್ತಿರುವುದು ಕಲಬುರಗಿಯಲ್ಲಿ ಪ್ರಧಾನ ಕಚೇರಿಯಿರುವ ಜೆಸ್ಕಾಂ. ಹಳ್ಳಿಯ ಹಿರಿಯರಿಗೆ ಇವತ್ತಿಗೂ ಲೈನ್‌ಮನ್ ಎಂದರೆ ಕೆಇಬಿಯವನೇ.

ಬಡವರ ಮನೆಗಳಿಗೆ ಕರೆಂಟ್ ಬಂದದ್ದು ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳ ಮೂಲಕ, ಮೊದಲಿಗೆ ಒಂದು ಬಲ್ಬಿನ ರೂಪದಲ್ಲಿ. ಪ್ಲಗ್ ಪಾಯಿಂಟ್ ಆ ಸಂಪರ್ಕದ ಲೆಕ್ಕದಲ್ಲೇ ಇರಲಿಲ್ಲ. ಮನೆಗೆ ಟಿ.ವಿ. ಬಂದಾಗ ಬಲ್ಬಿನ ಹೋಲ್ಡರಿಗೆ ಎರಡು ಪಿನ್ನಿನ ಪ್ಲಗ್ ಸಿಕ್ಕಿಸಿದರು. ಫ್ಯಾನ್, ಮಿಕ್ಸಿ, ಮೊಬೈಲ್ ಬಂದಾಗ ಅದೇ ಹೋಲ್ಡರಿನಿಂದ ಎಕ್ಸ್‌ಟೆನ್ಷನ್ ಎಳೆದರು. ಸರ್ವಿಸ್ ವೈರು ಮಾತ್ರ ಮೊದಲಿನಂತೆ ಸಣ್ಣದಾಗಿಯೇ ಉಳಿಯಿತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಬಿಲ್ಲಿನ ಹೊರೆ ಇಳಿದಿದೆ. ಯೋಜನೆ ಬಿಲ್ಲನ್ನು ಬದಲಿಸಿತೇ ಹೊರತು ಗೋಡೆಯೊಳಗಿನ ವೈರನ್ನಲ್ಲ. ಹಳೆಯ ವೈರಿಂಗಿನ ಮೇಲೆ ಹೊಸ ಲೋಡ್ ಕೂತಿರುವುದೇ ಈ ಸೀಮೆಯ ಪ್ಲಗ್ ದೋಷಗಳ ಹಿನ್ನೆಲೆ.

ಕರೆಂಟ್ ಬರುವ ದಾರಿ

ಊರ ಹೊರಗಿನ ಟಿಸಿ 11 ಸಾವಿರ ವೋಲ್ಟನ್ನು ಮೂರು ಫೇಸಿನ 433 ವೋಲ್ಟಿಗೆ ಇಳಿಸುತ್ತದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 25, 63 ಅಥವಾ 100 ಕೆವಿಎ ಸಾಮರ್ಥ್ಯದ ಟಿಸಿಗಳು. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಮನೆಗೆ ಸಿಗುವುದು 230 ವೋಲ್ಟಿನ ಆಸುಪಾಸು. ಕಂಬದಿಂದ ಸರ್ವಿಸ್ ವೈರ್, ಅಲ್ಲಿಂದ ಮೀಟರ್, ಮೀಟರಿನಿಂದ ಮೇನ್ ಸ್ವಿಚ್, ಬಳಿಕ ಫ್ಯೂಸ್ ಅಥವಾ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್), ಆಮೇಲೆ ಕೋಣೆಯ ಬೋರ್ಡು. ಬೋರ್ಡಿನಲ್ಲಿ ಫೇಸ್ ವೈರು ಸ್ವಿಚ್ಚಿಗೆ ಹೋಗಿ ಅಲ್ಲಿಂದ ಸಾಕೆಟ್ಟಿಗೆ ಇಳಿಯುತ್ತದೆ. ನ್ಯೂಟ್ರಲ್ ನೇರವಾಗಿ ಸಾಕೆಟ್ಟಿಗೆ ಬರುತ್ತದೆ. ಎದುರು ನಿಂತು ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಮೂರು ಗುಂಡು ಪಿನ್ನಿನ ಈ ವಿನ್ಯಾಸ ಬ್ರಿಟಿಷರ ಬಿಎಸ್ 546 ಮಾನಕದಿಂದ ಬಂದದ್ದು. ಹಿಂದೆ 5 ಮತ್ತು 15 ಆಂಪಿಯರ್ ಎನ್ನುತ್ತಿದ್ದ ಸಾಕೆಟ್ಟುಗಳನ್ನು ಈಗ ಭಾರತೀಯ ಮಾನಕ ಐಎಸ್ 1293ರ ಪ್ರಕಾರ 6 ಮತ್ತು 16 ಆಂಪಿಯರ್ ಎಂದು ಗುರುತಿಸುತ್ತಾರೆ. ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪವಾಗಿರುವುದಕ್ಕೆ ಕಾರಣವಿದೆ: ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ವೈರಿಂಗ್ ಮಾಡುವವರು ಒಂದು ಬೋರ್ಡಿನಿಂದ ಮುಂದಿನ ಬೋರ್ಡಿಗೆ ಫೇಸನ್ನೂ ನ್ಯೂಟ್ರಲನ್ನೂ ಲೂಪ್ ಮಾಡುತ್ತ ಹೋಗುತ್ತಾರೆ. ಪಡಸಾಲೆಯ ಬೋರ್ಡಿನಲ್ಲಿ ಒಂದು ತಿರುಪು ಸಡಿಲವಾದರೆ ಅಡುಗೆಮನೆಯ ಪಾಯಿಂಟ್ ನಿಲ್ಲುವುದು ಹೀಗೆ. ಯಾವ ಕೋಣೆಯ ನಂತರ ಯಾವ ಕೋಣೆಗೆ ಲೂಪ್ ಹೋಗಿದೆ ಎಂಬುದು ವೈರಿಂಗ್ ಮಾಡಿದವರ ತಲೆಯಲ್ಲಿ ಮಾತ್ರ ಇರುತ್ತದೆ. ಹೊಸ ಮನೆ ಕಟ್ಟಿಸುವವರು ಪೈಪ್ ಮುಚ್ಚುವ ಮೊದಲೇ ಆ ದಾರಿಯ ಒಂದು ನಕ್ಷೆ ಬರೆಸಿ ಇಟ್ಟುಕೊಂಡರೆ ಇಪ್ಪತ್ತು ವರ್ಷದ ನಂತರ ಗೋಡೆ ಒಡೆಯುವುದು ತಪ್ಪುತ್ತದೆ.

ಹೊರಗಿನಿಂದ ಒಳಕ್ಕೆ

ದೋಷ ಉಪಕರಣದ್ದೋ ಪಾಯಿಂಟಿನದ್ದೋ ಎಂಬುದು ಮೊದಲ ಪ್ರಶ್ನೆ. ಬೇರೆ ಕಡೆ ಚೆನ್ನಾಗಿ ನಡೆಯುವ ಉಪಕರಣವೊಂದನ್ನು ತಂದು ಇಲ್ಲಿ ಚುಚ್ಚಿ ನೋಡುವುದು ಸರಿ. ಆದರೆ ಅದು ಮೊಬೈಲ್ ಚಾರ್ಜರ್ ಆಗಿರಬಾರದು. ಚಾರ್ಜರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಅರ್ಧ ವೋಲ್ಟೇಜ್ ಬಂದರೂ ಅದು ಕೆಲಸ ಮಾಡುತ್ತದೆ. ಅನೇಕ ಎಲ್‌ಇಡಿ ಬಲ್ಬುಗಳ ಗುಣವೂ ಅದೇ. ತಂತಿ ಕಾದು ಬೆಳಗುವ ಹಳೆಯ ಬಲ್ಬು ಇದಕ್ಕೆ ಒಳ್ಳೆಯ ಸಾಕ್ಷಿ: ವೋಲ್ಟೇಜ್ ಕುಸಿದರೆ ಕೆಂಪಗೆ ಮಂಕಾಗುತ್ತದೆ, ಏರಿದರೆ ಕಣ್ಣು ಕುಕ್ಕುತ್ತದೆ.

ಎರಡನೆಯದು ವ್ಯಾಪ್ತಿ. ಒಂದು ಸಾಕೆಟ್ ಮಾತ್ರವೇ, ಇಡೀ ಬೋರ್ಡೇ, ಇಡೀ ಮನೆಯೇ, ಬೀದಿಯೇ? ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ದೋಷ ನಮ್ಮ ಮನೆಯದೇ ಎನ್ನಲಾಗದು. ಕಂಬದ ಮೂರು ಫೇಸುಗಳನ್ನು ಮನೆಗಳಿಗೆ ಹಂಚಿ ಕೊಟ್ಟಿರುತ್ತಾರೆ. ಟಿಸಿಯ ಎಲ್‌ಟಿ ಕಡೆ, ಅಂದರೆ 433 ವೋಲ್ಟಿನ ಕಡೆ, ಒಂದು ಫ್ಯೂಸ್ ಹೋದರೆ ಆ ಫೇಸಿನ ಮನೆಗಳಷ್ಟೇ ಕತ್ತಲಾಗುತ್ತವೆ. ಟಿಸಿಯ ಮೇಲ್ಭಾಗದ 11 ಕೆವಿ ಕಡೆ ಒಂದು ಫ್ಯೂಸ್ ಹೋದಾಗ ಇನ್ನೂ ವಿಚಿತ್ರ ಸ್ಥಿತಿ: ಒಂದು ಫೇಸಿನಲ್ಲಿ ಪೂರ್ತಿ ವೋಲ್ಟೇಜ್, ಉಳಿದೆರಡರಲ್ಲಿ ಹೆಚ್ಚುಕಡಿಮೆ ಅರ್ಧ. ಅಂಥ ಮನೆಯಲ್ಲಿ ಚಾರ್ಜರ್ ನಡೆಯುತ್ತದೆ, ಎಲ್‌ಇಡಿ ಉರಿಯುತ್ತದೆ, ಮಿಕ್ಸಿ ಮಾತ್ರ ಗುಂಯ್ ಎಂದು ನಿಲ್ಲುತ್ತದೆ, ಫ್ರಿಜ್ಜಿನ ಮೋಟಾರು ತಿರುಗದೆ ಬಿಸಿಯಾಗುತ್ತದೆ. ಮಿಕ್ಸಿಯ ಪಾಯಿಂಟ್ ಹೋಗಿದೆ ಎಂದು ಜನ ಬೋರ್ಡ್ ಬಿಚ್ಚಲು ಕೂರುತ್ತಾರೆ. ಆ ಹೊತ್ತಿಗೆ ಮಾಡಬೇಕಾದದ್ದು ಫ್ರಿಜ್ಜು, ಮೋಟಾರುಗಳ ಪ್ಲಗ್ ಕಿತ್ತು ಜೆಸ್ಕಾಂಗೆ ತಿಳಿಸುವುದು.

ಹಳ್ಳಿಯ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಗೆ ಮುಂಚೆ ಇಂಥ ಅರೆಬರೆ ಕರೆಂಟ್ ದಿನನಿತ್ಯದ ಮಾತಾಗಿತ್ತು. ಈಗ ಅದು ದೋಷದ ಲಕ್ಷಣ. ಹಳೆಯ ರೂಢಿಯಿಂದ ಅದನ್ನು ಸಹಜವೆಂದು ಸಹಿಸಿಕೊಂಡು ಕೂರುವುದು ಬೇಡ.

ಇದಕ್ಕಿಂತ ಕೆಟ್ಟದ್ದು ಕಂಬದಲ್ಲಿ ಅಥವಾ ಟಿಸಿಯಲ್ಲಿ ನ್ಯೂಟ್ರಲ್ ಕಡಿಯುವುದು. ಆಗ ಕೆಲವು ಮನೆಗಳಲ್ಲಿ ದೀಪ ಮಂಕಾಗುತ್ತದೆ, ಕೆಲವು ಮನೆಗಳಲ್ಲಿ ವೋಲ್ಟೇಜ್ 400ರ ಸಮೀಪ ಏರಿ ಟಿ.ವಿ., ಫ್ಯಾನ್, ಸೆಟ್‌ಟಾಪ್ ಬಾಕ್ಸ್ ಒಟ್ಟಿಗೆ ಸುಡುತ್ತವೆ. ಬಲ್ಬ್ ಇದ್ದಕ್ಕಿದ್ದಂತೆ ಪ್ರಕಾಶವಾಗಿ ಉರಿಯತೊಡಗಿದರೆ ಕಾರಣ ಯೋಚಿಸುತ್ತ ನಿಲ್ಲದೆ ಮೇನ್ ಆಫ್ ಮಾಡಬೇಕು.

ಬೀದಿಯಲ್ಲಿ ಎಲ್ಲ ಸರಿಯಿದ್ದರೆ ಸರದಿ ಮನೆಯ ಫ್ಯೂಸಿನದು. ಪಿಂಗಾಣಿ ಫ್ಯೂಸ್ ಕ್ಯಾರಿಯರ್ ಎಳೆದು ನೋಡಿದಾಗ ತಂತಿ ಕರಗಿದ್ದು ಕಣ್ಣಿಗೇ ಕಾಣುತ್ತದೆ. ಹಳೆಯ ಮನೆಗಳಲ್ಲಿ ಫೇಸಿಗೊಂದು, ನ್ಯೂಟ್ರಲಿಗೊಂದು ಎಂದು ಜೋಡಿ ಫ್ಯೂಸ್ ಇಟ್ಟಿರುವುದುಂಟು. ನ್ಯೂಟ್ರಲಿಗೆ ಫ್ಯೂಸ್ ಇಡಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇದೆ. ಆ ಫ್ಯೂಸ್ ಮಾತ್ರ ಹೋದರೆ ಇಡೀ ಮನೆ ಕತ್ತಲು, ಆದರೆ ಪ್ರತಿಯೊಂದು ಸಾಕೆಟ್ಟಿನಲ್ಲೂ ಫೇಸ್ ಜೀವಂತ. ಅಂಥ ಜೋಡಿ ಫ್ಯೂಸ್ ಕಂಡರೆ ವೈರ್‌ಮನ್ ಕರೆಸಿ ತೆಗೆಸಬೇಕು. ಹೋದ ಫ್ಯೂಸಿನ ಜಾಗಕ್ಕೆ ವೈರಿನ ನಾಲ್ಕೈದು ಎಳೆ ತಿರುಚಿ ಹಾಕುವುದು ಊರೂರಲ್ಲಿ ಇರುವ ಚಾಳಿ. ಹಾಗೆ ಮಾಡಿದಾಗ ಮುಂದಿನ ಸಲ ಕರಗುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು.

ಎಂಸಿಬಿ ಇರುವ ಮನೆಯಲ್ಲಿ ಟ್ರಿಪ್ ಆದ ಕಡ್ಡಿ ಕೆಲವೊಮ್ಮೆ ನಡುವಿನಲ್ಲಿ ನಿಂತು ಆನ್ ಇದ್ದಂತೆಯೇ ಕಾಣುತ್ತದೆ. ಪೂರ್ತಿ ಕೆಳಕ್ಕೆ ಒತ್ತಿ ಆಮೇಲೆ ಮೇಲಕ್ಕೆ ಏರಿಸಿದರೆ ಮಾತ್ರ ಕೂರುತ್ತದೆ. ಮತ್ತೆ ಇಳಿದರೆ ಆ ಲೈನಿನ ಎಲ್ಲ ಪ್ಲಗ್ ಕಿತ್ತು ಏರಿಸಬೇಕು. ಆಗ ನಿಂತರೆ ಉಪಕರಣಗಳನ್ನು ಒಂದೊಂದಾಗಿ ಚುಚ್ಚುತ್ತ ತಪ್ಪಿತಸ್ಥನನ್ನು ಹಿಡಿಯಬಹುದು. ಎಲ್ಲ ಕಿತ್ತರೂ ನಿಲ್ಲದಿದ್ದರೆ ಶಾರ್ಟ್ ವೈರಿಂಗಿನಲ್ಲೇ ಇದೆ. ಬಲವಂತವಾಗಿ ಮತ್ತೆ ಮತ್ತೆ ಏರಿಸಬಾರದು.

ಆರ್‌ಸಿಸಿಬಿಯ ಕೆಲಸ ಬೇರೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಅದು ಸದಾ ತೂಗುತ್ತಿರುತ್ತದೆ. ಮನೆಗಳಲ್ಲಿ ಬಳಸುವ ಸಾಧನ 30 ಮಿಲಿಆಂಪಿಯರ್ ಸೋರಿಕೆಯೊಳಗೆ ಲೈನ್ ಕಡಿಯುತ್ತದೆ. ಮಳೆಗಾಲದಲ್ಲಿ ಇದು ಪದೇಪದೇ ಬೀಳುವುದಕ್ಕೆ ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳೂ ಒಂದು ಕಾರಣ. ಮೇಲುಮುದ್ದೆ ಸೋರಿ ನೀರು ಗೋಡೆಯುದ್ದಕ್ಕೆ ಇಳಿದು ಬೋರ್ಡಿನ ಹಿಂದೆ ಸೇರುತ್ತದೆ. ಪದೇಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿಕೊಂಡವರು, ಜೀವ ಕಾಯುವ ಒಂದೇ ಸಾಧನವನ್ನು ಕೈಯಾರೆ ತೆಗೆದಂತೆ.

ಟೆಸ್ಟರ್ ಹೇಳುವುದು, ಹೇಳದಿರುವುದು

ಹಳ್ಳಿಯ ಪ್ರತಿ ಮನೆಯಲ್ಲೂ ಸಿಗುವ ಒಂದೇ ಉಪಕರಣ ನಿಯಾನ್ ಬಲ್ಬಿನ ಟೆಸ್ಟರ್. ಅದರೊಳಗೆ ದೊಡ್ಡ ರೆಸಿಸ್ಟರ್ ಇದ್ದು, ಮಿಲಿಆಂಪಿಯರಿಗಿಂತಲೂ ಕಡಿಮೆ ಕರೆಂಟ್ ನಮ್ಮ ಮೈಮೂಲಕ ನೆಲಕ್ಕೆ ಹೋಗುವುದರಿಂದ ದೀಪ ಬೆಳಗುತ್ತದೆ. ಇಷ್ಟು ಅಲ್ಪ ಕರೆಂಟಿನಲ್ಲಿ ಬೆಳಗುವ ಸಾಧನ ಪೂರ್ತಿ ಸಂಪರ್ಕಕ್ಕೂ ಎಳೆಯಷ್ಟೇ ಉಳಿದ ಸಂಪರ್ಕಕ್ಕೂ ಒಂದೇ ರೀತಿ ಬೆಳಗಬಲ್ಲದು. ಟೆಸ್ಟರ್ ಉರಿಯಿತು ಎಂದರೆ ಅಲ್ಲಿ ಅಪಾಯ ಇದೆ ಎಂದು ಮಾತ್ರ ಅರ್ಥ. ಉಪಕರಣ ಓಡಿಸುವಷ್ಟು ಕರೆಂಟ್ ಇದೆ ಎಂದಲ್ಲ. ಉರಿಯಲಿಲ್ಲ ಎಂದರೆ ಅಪಾಯ ಇಲ್ಲ ಎಂದೂ ಅಲ್ಲ: ಒಣ ಹಲಗೆಯ ಮೇಲೆ, ರಬ್ಬರ್ ಚಪ್ಪಲಿಯಲ್ಲಿ ನಿಂತಾಗ, ಬಿಸಿಲಿನಲ್ಲಿ ನೋಡಿದಾಗ ಬೆಳಕು ಕಾಣದೆ ಹೋಗಬಹುದು. ಆದ್ದರಿಂದ ಮೊದಲು ಕರೆಂಟ್ ಇರುವುದು ಖಚಿತವಾಗಿರುವ ಬೇರೊಂದು ಪಾಯಿಂಟಿನಲ್ಲಿ ಟೆಸ್ಟರನ್ನು ನೋಡಿಕೊಂಡು ಆಮೇಲೆ ಇಲ್ಲಿಗೆ ಬರಬೇಕು.

ಮೂರು ಲಕ್ಷಣಗಳನ್ನು ಬೇರ್ಪಡಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಸ್ವಿಚ್ ಹಾಕಿದಾಗ ಬಲಗಡೆ ಉರಿದು ಎಡಗಡೆ ಉರಿಯದಿದ್ದರೆ ಫೇಸ್ ಬಂದಿದೆ. ದೋಷ ನ್ಯೂಟ್ರಲಿನಲ್ಲೋ ಸಾಕೆಟ್ಟಿನ ಹಿಡಿತದಲ್ಲೋ ಇರಬೇಕು. ಎರಡರಲ್ಲೂ ಉರಿಯದಿದ್ದರೆ ಫೇಸ್ ಬಂದಿಲ್ಲ. ಸ್ವಿಚ್, ಫ್ಯೂಸ್, ಹಿಂದಿನ ಲೂಪ್ ನೋಡಬೇಕು. ಎರಡರಲ್ಲೂ ಉರಿದರೆ? ಇಲ್ಲಿ ಜನ ಗಾಬರಿಯಾಗುತ್ತಾರೆ, ‘ಡಬಲ್ ಫೇಸ್ ಬಂದಿದೆ’ ಎನ್ನುತ್ತಾರೆ. ಮನೆಗೆ ಒಂದೇ ಫೇಸ್ ಇರುವಾಗ ಎರಡನೆಯದು ಎಲ್ಲಿಂದ ಬರಬೇಕು? ನಡೆದಿರುವುದು ಇಷ್ಟು: ನ್ಯೂಟ್ರಲ್ ಹಿಂದೆಲ್ಲೋ ಕಡಿದಿದೆ. ಕಡಿದ ಜಾಗದಿಂದ ಈಚೆಗೆ ಎಲ್ಲೋ ಒಂದು ಬಲ್ಬ್ ಅಥವಾ ಫ್ಯಾನಿನ ಸ್ವಿಚ್ ಆನ್ ಇದೆ. ಫೇಸ್ ಆ ಬಲ್ಬಿನ ಮೂಲಕ ಹಾದು ನ್ಯೂಟ್ರಲ್ ವೈರಿಗೆ ಬಂದು, ಮುಂದೆ ದಾರಿ ಕಾಣದೆ ಅಲ್ಲೇ ನಿಂತಿದೆ. ಆ ಲೈನಿನ ಎಲ್ಲ ಸ್ವಿಚ್ಚುಗಳನ್ನೂ ಆಫ್ ಮಾಡಿ ಪ್ಲಗ್ ಕಿತ್ತರೆ ಎಡಗಡೆಯ ಬೆಳಕು ಆರುತ್ತದೆ. ಆರಿತೆಂದರೆ ನ್ಯೂಟ್ರಲ್ ಕಡಿದಿರುವುದು ಖಚಿತ.

ವೈರ್‌ಮನ್‌ಗಳು ಇದನ್ನು ಟೆಸ್ಟಿಂಗ್ ಬಲ್ಬಿನಿಂದ ದೃಢಪಡಿಸಿಕೊಳ್ಳುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದಾಗ ಉರಿಯದ ಬಲ್ಬ್ ಫೇಸ್ ಮತ್ತು ಅರ್ಥ್ ನಡುವೆ ಉರಿದರೆ ನ್ಯೂಟ್ರಲ್ ಹೋಗಿದೆ ಎಂದು ಲೆಕ್ಕ. ಆರ್‌ಸಿಸಿಬಿ ಇರುವ ಮನೆಯಲ್ಲಿ ಹೀಗೆ ಹಿಡಿದ ಕೂಡಲೇ ಅದು ಬೀಳುತ್ತದೆ, ಬೀಳಬೇಕು. ಕಲಿತವರ ಕೈಯಲ್ಲಿ ಮಲ್ಟಿಮೀಟರ್ ಹೆಚ್ಚು ಸುರಕ್ಷಿತ. ಅದಕ್ಕೂ ಒಂದು ಮಿತಿಯಿದೆ: ಎಲ್ಲಿಗೂ ಜೋಡಣೆಯಾಗದ ವೈರು ಪಕ್ಕದ ಜೀವಂತ ವೈರಿನ ಪ್ರಭಾವಕ್ಕೆ ಸಿಕ್ಕು 50, 80 ವೋಲ್ಟ್ ತೋರಿಸಬಹುದು. ಸಣ್ಣ ಬಲ್ಬಿನ ಲೋಡ್ ಕೊಟ್ಟ ತಕ್ಷಣ ಆ ಸುಳ್ಳು ವೋಲ್ಟೇಜ್ ಮಾಯವಾಗುತ್ತದೆ.

ಬೋರ್ಡ್ ಬಿಚ್ಚಿದಾಗ

ಬೋರ್ಡಿನ ತಿರುಪಿಗೆ ಕೈ ಹಾಕುವ ಮೊದಲು ಮೇನ್ ಆಫ್ ಆಗಿರಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಪ್ರತ್ಯೇಕವಾಗಿ ಆರಿಸಬೇಕು. ಮೇನ್ ಇಳಿಸಿದ ಮರುಕ್ಷಣ ಇನ್ವರ್ಟರ್ ತಾನಾಗಿ ಬ್ಯಾಟರಿಯ 230 ವೋಲ್ಟನ್ನು ಅದೇ ಬೋರ್ಡಿಗೆ ಕಳಿಸುತ್ತದೆ.

ಒಳಗೆ ಸಾಮಾನ್ಯವಾಗಿ ಸಿಗುವ ನೋಟ ಇದು: ಸಾಕೆಟ್ಟಿನ ನ್ಯೂಟ್ರಲ್ ತಿರುಪಿನ ಬುಡದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದೆ. ವೈರಿನ ಹೊದಿಕೆ ತುದಿಯಿಂದ ಒಂದು ಬೆರಳಷ್ಟು ಗಟ್ಟಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಒಳಗಿನ ತಾಮ್ರದ ಎಳೆಗಳು ಹೊಳಪು ಕಳೆದುಕೊಂಡು ಕರಿನೇರಳೆ ಬಣ್ಣಕ್ಕೆ ಬಂದಿವೆ. ಕೆಲವು ಎಳೆ ತಿರುಪಿನ ಹೊರಗೇ ಉಳಿದಿವೆ. ಜೋಡಿಸಿದವರು ಎಲ್ಲ ಎಳೆಗಳನ್ನು ಒಟ್ಟಿಗೆ ತಿರುಚಿ ಬಿಗಿದಿರಲಿಲ್ಲ. ಸಡಿಲ ಜೋಡಣೆಯಲ್ಲಿ ತಡೆ ಹೆಚ್ಚು, ತಡೆ ಹೆಚ್ಚಾದಲ್ಲಿ ಬಿಸಿ, ಬಿಸಿಯಿಂದ ಲೋಹ ಹಿಗ್ಗಿ ಕುಗ್ಗಿ ತಿರುಪು ಇನ್ನಷ್ಟು ಸಡಿಲ. ವರ್ಷಗಟ್ಟಲೆ ಹೀಗೆ ನಡೆದು ಒಂದು ದಿನ ಸಂಪರ್ಕ ಪೂರ್ತಿ ಕಡಿಯುತ್ತದೆ. ಅದಕ್ಕೆ ಮುಂಚೆಯೇ ಪಾಯಿಂಟ್ ಸೂಚನೆ ಕೊಟ್ಟಿರುತ್ತದೆ: ಪ್ಲಗ್ ಬಿಸಿಯಾಗುವುದು, ಒಳಗೆ ಚಟಚಟ ಸದ್ದು, ಸುಟ್ಟ ವಾಸನೆ, ಪ್ಲಗ್ಗನ್ನು ಓರೆ ಮಾಡಿ ಹಿಡಿದರೆ ಮಾತ್ರ ಓಡುವ ಉಪಕರಣ.

ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ಹೊಸ ಸಾಕೆಟ್ಟಿಗೆ ಬಿಗಿಯಬೇಕು. ಕರಕಲಾದ ತುದಿಯನ್ನೇ ಕೆರೆದು ಸಿಕ್ಕಿಸಿದರೆ ರೋಗ ಮರಳುತ್ತದೆ. ಲೋಡ್ ಲೆಕ್ಕವನ್ನೂ ಆಗಲೇ ನೋಡಬೇಕು. 1500 ವಾಟಿನ ನೀರು ಕಾಯಿಸುವ ಕಾಯಿಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ, 2000 ವಾಟಿನ ಗೀಸರ್ 8.7 ಆಂಪಿಯರ್. ಇವು 6 ಆಂಪಿಯರಿನ ಸಾಕೆಟ್ಟಿಗೆ ಸೇರಿದವಲ್ಲ. ದೊಡ್ಡ ಪಿನ್ ಸಣ್ಣ ಸಾಕೆಟ್ಟಿಗೆ ಹೋಗದಂತೆ ವಿನ್ಯಾಸ ಮಾಡಿದ್ದೇ ಇದನ್ನು ತಡೆಯಲು. ಅಂಗಡಿಯಲ್ಲಿ ಸಿಗುವ ಕನ್ವರ್ಟರ್ ಪ್ಲಗ್ ಆ ರಕ್ಷಣೆಯನ್ನು ಮುರಿಯುತ್ತದೆ. 16 ಆಂಪಿಯರಿನ ಪಾಯಿಂಟಿಗೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಯುವುದು ರೂಢಿ; ದೀಪದ ಲೈನಿನ ಸಣ್ಣ ವೈರಿನಿಂದ ಅದನ್ನು ಕವಲೊಡೆಸಬಾರದು.

ಹುಳುಹುಪ್ಪಟೆಯ ಪಾಲೂ ಸಣ್ಣದಲ್ಲ. ಬಳಸದೆ ಬಿಟ್ಟ ಸಾಕೆಟ್ಟಿನ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಇರುವೆಗಳು ಸ್ವಿಚ್ಚಿನ ಒಳಗೆ ಸೇರಿ ಸಂಪರ್ಕದ ನಡುವೆ ಸಾಯುತ್ತವೆ, ಮೆಕ್ಕೆಜೋಳದ ಚೀಲ ಪೇರಿಸಿದ ಕೋಣೆಯಲ್ಲಿ ಇಲಿ ವೈರ್ ಕಡಿಯುತ್ತದೆ. ತೂತಿಗೆ ಮುಚ್ಚಳವಿರುವ ಸಾಕೆಟ್ ಕೊಂಡರೆ ಮಕ್ಕಳ ಬೆರಳಿಗೂ ಕಣಜಕ್ಕೂ ಒಟ್ಟಿಗೆ ತಡೆಯಾಗುತ್ತದೆ.

ಹಳೆಯ ಮನೆಗಳಲ್ಲಿ ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು ವೈರ್ ಎಂಬುದು ಪದ್ಧತಿ. ಕೈಗೆ ಸಿಕ್ಕ ಬಣ್ಣ ಎಳೆದ ಮನೆಗಳೂ ಇವೆ. ಬಣ್ಣ ನಂಬಿ ಯಾವ ವೈರನ್ನೂ ಮುಟ್ಟಬಾರದು.

ಅರ್ಥಿಂಗ್

ಅರ್ಥ್ ಹೋದರೆ ಪಾಯಿಂಟ್ ನಿಲ್ಲುವುದಿಲ್ಲ, ಎಲ್ಲ ಮೊದಲಿನಂತೆಯೇ ಓಡುತ್ತದೆ. ಹಾಗಾಗಿ ಅದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ಇಸ್ತ್ರಿ ಪೆಟ್ಟಿಗೆಯ ಮೈಗೆ ಫೇಸ್ ತಾಗುವ ದಿನದವರೆಗೆ. ಇದ್ದಿಲು ಮತ್ತು ಉಪ್ಪು ತುಂಬಿದ ಅರ್ಥ್ ಗುಂಡಿಗೆ ತೇವ ಬೇಕು. ಈ ಸೀಮೆಯ ಏಪ್ರಿಲ್–ಮೇ ಬಿಸಿಲಿಗೆ ನೆಲ ಒಣಗಿ ಬಿರುಕು ಬಿಟ್ಟಾಗ ಗುಂಡಿಯ ತಡೆ ಏರುತ್ತದೆ. ಆ ತಿಂಗಳುಗಳಲ್ಲಿ ಗುಂಡಿಗೆ ನೀರು ಹಾಕುವುದು ಮರೆಯಬಾರದ ಕೆಲಸ.

ನ್ಯೂಟ್ರಲ್ ಕಡಿದಾಗ ಅರ್ಥ್ ಗುಂಡಿಯಿಂದಲೋ ಬೋರ್‌ವೆಲ್ ಕೇಸಿಂಗ್ ಪೈಪಿನಿಂದಲೋ ವೈರ್ ಎಳೆದು ಅದನ್ನೇ ನ್ಯೂಟ್ರಲ್ ಮಾಡಿಕೊಳ್ಳುವ ಉಪಾಯ ಹಳ್ಳಿಗಳಲ್ಲಿ ಹರಡಿದೆ. ಬಲ್ಬ್ ಉರಿಯುತ್ತದೆ, ದೋಷ ಸರಿಹೋಯಿತು ಎಂದು ಭಾವಿಸುತ್ತಾರೆ. ಗುಂಡಿ ಒಣಗಿದ ದಿನ ಆ ಪೈಪು, ಅದಕ್ಕೆ ತಾಗಿದ ನಲ್ಲಿ, ಒದ್ದೆ ನೆಲ ಎಲ್ಲವೂ ಜೀವಂತವಾಗುತ್ತವೆ. ಇಲ್ಲಿಯವರೆಗೆ ಹೇಳಿದ ಎಲ್ಲ ತಪ್ಪುಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ.

ಗಾಲಿಯ ಮೇಲಿನ ಪಾಯಿಂಟ್

ಭರತ ಹುಣ್ಣಿಮೆಯ ಆಸುಪಾಸು ಮೈಲಾರದ ಕಾರ್ಣಿಕಕ್ಕೂ ಕೊಟ್ಟೂರು ಗುರುಬಸವೇಶ್ವರನ ತೇರಿಗೂ ಹೊರಡುವ ಜನ ಟ್ರ್ಯಾಕ್ಟರಿನ ಟ್ರೇಲರಿಗೆ ತಾಡಪಾಲು ಕಟ್ಟಿ ಅದರಲ್ಲೇ ರಾತ್ರಿ ಕಳೆಯುತ್ತಾರೆ. ಜಾತ್ರೆಯ ಮಿಠಾಯಿ ಅಂಗಡಿ, ನಾಟಕ ಕಂಪನಿಯ ಬಿಡಾರ, ಬೋರ್‌ವೆಲ್ ಲಾರಿಯವರ ತಂಗುದಾಣ, ಎಲ್ಲವೂ ಯಾವುದೋ ಮನೆಯ ಅಥವಾ ಜನರೇಟರಿನ ಪಾಯಿಂಟಿನಿಂದ ಉದ್ದನೆಯ ವೈರ್ ಎಳೆದುಕೊಂಡು ನಡೆಯುವವು. ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿಯಲ್ಲಿ ಸ್ಥಾನ ಪಡೆದ ಕ್ಯಾರವಾನ್, ಅಂದರೆ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಇರುವ ಪ್ರವಾಸಿ ವಾಹನ, ಇದೇ ಸಾಲಿಗೆ ಸೇರುತ್ತದೆ. ಹಂಪಿ ನೋಡಿ ಅಂಕಸಮುದ್ರದ ಪಕ್ಷಿಧಾಮಕ್ಕೆ ಬರುವ ಅಂಥ ವಾಹನ ತಂಬ್ರಹಳ್ಳಿ ಸೀಮೆಯಲ್ಲಿ ರಾತ್ರಿ ನಿಂತರೆ ಅದಕ್ಕೂ ಕರೆಂಟ್ ಕೊಡುವುದು ಇಲ್ಲಿನ ಮನೆಯ ಪಾಯಿಂಟೇ.

ಕ್ಯಾರವಾನಿನಲ್ಲಿ ಎರಡು ವ್ಯವಸ್ಥೆಗಳು ಒಟ್ಟಿಗಿರುತ್ತವೆ. ದೀಪ, ಸಣ್ಣ ಫ್ಯಾನ್, ನೀರಿನ ಪಂಪು 12 ವೋಲ್ಟಿನ ಪ್ರತ್ಯೇಕ ಬ್ಯಾಟರಿಯಿಂದ ನಡೆಯುತ್ತವೆ. ಗೋಡೆಯ ಸಾಕೆಟ್ಟುಗಳಿಗೆ 230 ವೋಲ್ಟ್ ಬರುವುದು ಹೊರಗಿನ ಕೇಬಲಿನಿಂದ ಅಥವಾ ಇನ್ವರ್ಟರಿನಿಂದ. ದೀಪ ಉರಿಯುತ್ತಿದೆ, ಪಾಯಿಂಟ್ ಮಾತ್ರ ಸತ್ತಿದೆ ಎಂಬ ದೂರಿಗೆ ಬಹುಪಾಲು ಉತ್ತರ ಇಲ್ಲೇ ಇದೆ. ಹೊರಗಿನ ಕೇಬಲ್ ಚುಚ್ಚಿದ ಪಾಯಿಂಟಿನಲ್ಲಿ ಕರೆಂಟ್ ಇದೆಯೇ, ವಾಹನದ ಒಳಗಿನ ಎಂಸಿಬಿ ಮತ್ತು ಆರ್‌ಸಿಸಿಬಿ ಮೇಲೆ ಇವೆಯೇ, ಚೇಂಜ್‌ಓವರ್ ಸ್ವಿಚ್ ಯಾವ ಕಡೆ ನಿಂತಿದೆ, ಇನ್ವರ್ಟರ್ ಆನ್ ಇದೆಯೇ ಎಂದು ಅದೇ ಸರದಿಯಲ್ಲಿ ನೋಡಬೇಕು. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಹತ್ತೂವರೆ ವೋಲ್ಟಿನ ಆಸುಪಾಸಿಗೆ ಇಳಿದಾಗ ಇನ್ವರ್ಟರ್ ತಾನಾಗಿ ಕಡಿದುಕೊಳ್ಳುತ್ತದೆ. 1000 ವಾಟಿನ ಕೆಟಲ್ ಓಡಿಸಲು ಆ ಬ್ಯಾಟರಿಯಿಂದ 80 ಆಂಪಿಯರಿಗೂ ಹೆಚ್ಚು ಹೀರಬೇಕು. ಚಹಾ ಕಾಯುವ ಮೊದಲೇ ಪಾಯಿಂಟ್ ನಿಂತರೆ ಅಚ್ಚರಿಯಿಲ್ಲ. ಅಡುಗೆಕಟ್ಟೆಯ ಕೆಲವು ಸಾಕೆಟ್ಟುಗಳನ್ನು ಬೇಕೆಂದೇ ಇನ್ವರ್ಟರಿಗೆ ಜೋಡಿಸಿರುವುದಿಲ್ಲ. ಅವು ಹೊರಗಿನ ಕೇಬಲ್ ಇದ್ದಾಗ ಮಾತ್ರ ನಡೆಯುತ್ತವೆ.

ರಸ್ತೆಯ ಕುಲುಕಾಟಕ್ಕೆ ವಾಹನದ ತಿರುಪುಗಳು ಮನೆಯವುಗಳಿಗಿಂತ ಬೇಗ ಸಡಿಲವಾಗುತ್ತವೆ. ಮನೆಯಿಂದ ಎಳೆದ ವೈರಿನ ಉದ್ದವೂ ಮುಖ್ಯ: 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 50 ಮೀಟರ್ ಎಳೆದು 10 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲೇ 12 ವೋಲ್ಟ್ ಕಳೆಯುತ್ತದೆ. ಅದರ ಅರ್ಧ ದಪ್ಪದ ಅಗ್ಗದ ವೈರಿನಲ್ಲಿ ಎರಡು ಪಟ್ಟು. ಸುತ್ತಿಟ್ಟ ಸುರುಳಿಯನ್ನು ಪೂರ್ತಿ ಬಿಚ್ಚದೆ ಲೋಡ್ ಹಾಕಿದರೆ ಅದು ಒಳಗಿಂದೊಳಗೇ ಕಾಯುತ್ತದೆ.

ಮನೆಯ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಮನೆಯವರಿಗೆ ತಿಳಿಯದೆ ನಡೆದುಹೋಗುತ್ತದೆ. ವಾಹನಕ್ಕೆ ಅದೇ ಗಂಡಾಂತರ. ಒಂಟಿ ಪೋಲಿನ ಎಂಸಿಬಿ ಬಿದ್ದಾಗ ಕಡಿಯುವುದು ನ್ಯೂಟ್ರಲ್. ಫೇಸ್ ಸಾಕೆಟ್ಟಿನಲ್ಲೇ ಉಳಿಯುತ್ತದೆ. ಆದ್ದರಿಂದ ಕ್ಯಾರವಾನಿನ ಮೇನ್ ಎರಡೂ ವೈರನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲಿನದಾಗಿರಬೇಕು. ಸಣ್ಣ ಜನರೇಟರ್ ಮತ್ತು ಇನ್ವರ್ಟರುಗಳಲ್ಲಿ ಹಲವುಗಳ ಎರಡು ತುದಿಗಳೂ ನೆಲಕ್ಕೆ ಜೋಡಣೆಯಾಗಿರುವುದಿಲ್ಲ. ಅಲ್ಲಿ ಟೆಸ್ಟರ್ ಎರಡರಲ್ಲೂ ಮಂಕಾಗಿ ಉರಿಯಬಹುದು, ಉರಿಯದೆಯೂ ಇರಬಹುದು. ಆರ್‌ಸಿಸಿಬಿಯೂ ನಂಬಿಕೆಗೆ ತಕ್ಕಂತೆ ಕೆಲಸ ಮಾಡದೆ ಹೋಗಬಹುದು.

ಅಮೆರಿಕದಲ್ಲಿ ರಜೆಗೆ ಆರ್‌ವಿ, ಅಂದರೆ ಅಲ್ಲಿನ ಕ್ಯಾರವಾನ್, ಬಾಡಿಗೆ ಪಡೆಯುವ ಕನ್ನಡ ಕುಟುಂಬಗಳಿಗೆ ಎದುರಾಗುವ ವ್ಯವಸ್ಥೆ ಕೊಂಚ ಬೇರೆ. ಅಲ್ಲಿನ ಸಾಕೆಟ್ 120 ವೋಲ್ಟಿನದು, ಕ್ಯಾಂಪಿನ ಕಂಬದಲ್ಲಿ 30 ಅಥವಾ 50 ಆಂಪಿಯರಿನ ಸಂಪರ್ಕ. ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಜಿಎಫ್‌ಸಿಐ ಎಂಬ ಸಾಧನ ಸಾಕೆಟ್ಟಿನ ಮುಖದಲ್ಲೇ ಇದ್ದು 5 ಮಿಲಿಆಂಪಿಯರಿನ ಸುತ್ತಮುತ್ತಲ ಸೋರಿಕೆಗೇ ಬೀಳುತ್ತದೆ. ಬಚ್ಚಲಿನ ಒಂದು ಜಿಎಫ್‌ಸಿಐ ಹಿಂದೆ ಅಡುಗೆಕಟ್ಟೆಯ ಮತ್ತು ವಾಹನದ ಹೊರಮೈಯ ಸಾಕೆಟ್ಟುಗಳನ್ನೂ ಜೋಡಿಸಿರುತ್ತಾರೆ. ಹೊರಗಿನ ಸಾಕೆಟ್ ಮಳೆಗೆ ನೆನೆದರೆ ಒಳಗಿನ ಕಾಫಿ ಯಂತ್ರ ನಿಲ್ಲುವುದು ಅದಕ್ಕೇ. ಬಚ್ಚಲಿನ ‘ರೀಸೆಟ್’ ಗುಂಡಿ ಒತ್ತಿದರೆ ಎಷ್ಟೋ ಸಲ ಎಲ್ಲವೂ ಮರಳುತ್ತದೆ.

ಮನೆಯವರ ಕೆಲಸ, ಲೈನ್‌ಮನ್ ಕೆಲಸ

ಉಪಕರಣ ಬದಲಿಸಿ ನೋಡುವುದು, ವ್ಯಾಪ್ತಿ ಗುರುತಿಸುವುದು, ಎಂಸಿಬಿ ಒಮ್ಮೆ ಏರಿಸುವುದು, ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ಪರೀಕ್ಷಿಸುವುದು ಯಾರಾದರೂ ಮಾಡಬಹುದಾದ ಕೆಲಸಗಳು. ಬೋರ್ಡ್ ಬಿಚ್ಚುವುದು ಪರವಾನಗಿ ಇರುವ ವೈರ್‌ಮನ್ ಅಥವಾ ಐಟಿಐ ಕಲಿತ ಎಲೆಕ್ಟ್ರಿಷಿಯನ್ ಕೆಲಸ. ಮೀಟರಿನ ಸೀಲ್, ಸರ್ವಿಸ್ ವೈರ್, ಕಂಬ, ಟಿಸಿ ಜೆಸ್ಕಾಂಗೆ ಸೇರಿದವು. ಟಿಸಿಯ ಫ್ಯೂಸ್ ತಾವೇ ಹಾಕಿಕೊಳ್ಳುವ ಧೈರ್ಯವಂತರು ಪ್ರತಿ ಊರಲ್ಲೂ ಇದ್ದಾರೆ. ಲೈನ್‌ಮನ್ ಬರುವುದು ತಡವಾಗುತ್ತದೆ, ಬೆಳೆ ಒಣಗುತ್ತದೆ, ಅವರ ಅವಸರ ಅರ್ಥವಾಗುವಂಥದು. ಆದರೂ 11 ಸಾವಿರ ವೋಲ್ಟಿನ ಎದುರು ಒಣ ಕೋಲು, ರಬ್ಬರ್ ಚಪ್ಪಲಿ ಯಾವುದೂ ರಕ್ಷಣೆಯಲ್ಲ. ಆ ಕೆಲಸಕ್ಕೆ ಯಾರೂ ಕೈ ಹಾಕಬಾರದು.

ಯಾರಿಗಾದರೂ ಮನೆಯಲ್ಲಿ ಶಾಕ್ ಹೊಡೆದು ಕೈ ಕಚ್ಚಿಕೊಂಡರೆ ಅವರನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಬೇಕು. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ ಎದೆ ಒತ್ತುವುದನ್ನು ತಕ್ಷಣ ಶುರುಮಾಡಿ 108ಕ್ಕೆ ಕರೆ ಮಾಡಿಸಬೇಕು. ವಿದ್ಯುತ್ ದೂರಿನ ಸಹಾಯವಾಣಿ 1912. ಕರೆ ಮಾಡಿದಾಗ ಅವರು ಕೇಳುವುದು ಬಿಲ್ಲಿನ ಮೇಲಿರುವ ಆರ್‌ಆರ್ ಸಂಖ್ಯೆಯನ್ನು. ಕತ್ತಲಲ್ಲಿ ಬಿಲ್ ಹುಡುಕುವ ಪಾಡು ಬೇಡ; ಆ ಸಂಖ್ಯೆಯನ್ನೂ 1912ನ್ನೂ ಮೀಟರಿನ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.